ಕಾರವಾರದ ಅಳಿವೆಯಲ್ಲಿ ದೋಣಿಯ ದಿನಗಳು

ಕಾರವಾರದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ನಿಜವಾಗಿ ಗೋವಾಕ್ಕೆ ಹೊರಟವರು. ಮೀನೂಟಕ್ಕೆಂದು ನಿಲ್ಲುತ್ತಾರೆ, ಹೆದ್ದಾರಿ ಪಕ್ಕದ ಚಾಪೆಲ್ ಯುದ್ಧನೌಕೆಯ ಮುಂದೆ ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ, ಕಾಳಿ ಸೇತುವೆ ದಾಟುವಾಗ ಕಾರಿನ ಕಿಟಕಿಯಿಂದ ಮೊಬೈಲ್ ಹೊರಗೆ ಚಾಚುತ್ತಾರೆ. ಆಮೇಲೆ ಮಾಜಾಳಿ ಚೆಕ್‌ಪೋಸ್ಟ್, ಅಲ್ಲಿಗೆ ಕರ್ನಾಟಕ ಮುಗಿಯಿತು. ಸೇತುವೆಯ ಮೇಲಿಂದ ಅರೆಗಳಿಗೆ ಕಾಣುವ ಆ ನೀರಿನಲ್ಲೇ ರಜೆ ಕಳೆಯಬೇಕೆಂದು ಈ ಸಲ ನಾವು ಹೊರಟೆವು. ನಾವು ಎಂದರೆ ಅಣ್ಣ, ಅತ್ತಿಗೆ, ಏಳನೇ ತರಗತಿ ಓದುವ ಅವರ ಮಗ ಮತ್ತು ನಾನು. ಹುಬ್ಬಳ್ಳಿಯವರಾದ ನಮಗೆ ದೊಡ್ಡ ನೀರೆಂದರೆ ಉಣಕಲ್ ಕೆರೆ. ಅತ್ತಿಗೆಯ ತವರು ಮಾತ್ರ ಅಂಕೋಲಾ. ಹೀಗಾಗಿ ಘಟ್ಟ ಇಳಿದ ಕೂಡಲೇ ಯಜಮಾನಿಕೆ ತಾನಾಗಿ ಅವರ ಕೈಗೆ ಹೋಯಿತು.

ಶುಕ್ರವಾರ

ಅರಬೈಲು ಘಾಟಿಯಲ್ಲಿ ಬಸ್ಸಿನ ಅರ್ಧ ಜನ ನಿದ್ದೆ ಹೊಡೆಯುತ್ತಿದ್ದರು, ಉಳಿದವರು ಹೊಟ್ಟೆ ತೊಳಸಿ ಕಿಟಕಿಗೆ ಒರಗಿದ್ದರು. ಒಂದು ಕಾಲಕ್ಕೆ ಹುಬ್ಬಳ್ಳಿ-ಧಾರವಾಡದ ಹತ್ತಿ ಇದೇ ಘಟ್ಟ ಇಳಿದು ಎತ್ತಿನ ಗಾಡಿಗಳಲ್ಲಿ ಕಾರವಾರ ಬಂದರಿಗೆ ಬರುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರಿಗಳ ಲೆಕ್ಕಾಚಾರ ಇತ್ತು. ಮುಂದೆ 1880ರ ದಶಕದಲ್ಲಿ ಗೋವಾದ ಮುರ್ಮುಗೋವಾಕ್ಕೆ ರೈಲು ಬಂದಾಗ ಸರಕು ಅತ್ತ ತಿರುಗಿತು. ಕಾರವಾರ ಮತ್ತೊಂದು ಮುಂಬಯಿ ಆಗುವ ಮಾತು ಅಲ್ಲಿಗೇ ನಿಂತಿತು. ಒಳ್ಳೆಯದೇ ಆಯಿತು ಎನ್ನುವವಳು ನಾನು. ಆಗಿದ್ದರೆ ನದಿ ಕಡಲು ಸೇರುವ ಈ ಅಳಿವೆಯಲ್ಲಿ ನೋಡಲು ಕ್ರೇನುಗಳಷ್ಟೇ ಇರುತ್ತಿದ್ದವು.

ಸಂಜೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಗಳನ್ನು ದಡದಿಂದ ಜಗ್ಗುವ ಪದ್ಧತಿ ಇದು. ಹಿಂದಿನ ದೊಡ್ಡ ರಂಪಣಿಗೆ ಊರಿಗೆ ಊರೇ ಕೈಹಚ್ಚಬೇಕಿತ್ತು. 1970ರ ದಶಕದ ನಂತರ ಮೀನಿನ ಗುಂಪನ್ನೇ ಸುತ್ತುವರಿಯುವ ಬಲೆಯ ಪರ್ಸೀನ್ ದೋಣಿಗಳು ಬಂದ ಮೇಲೆ ಆ ದೊಡ್ಡ ಬಲೆಗಳು ಮೂಲೆ ಸೇರಿದವು. ಈಗಿನದು ಅದರ ಕಿರಿಯ ರೂಪ. ಬಲೆಯ ಹೊಟ್ಟೆ ದಡ ಮುಟ್ಟಿದಾಗ ತಾರ್ಲೆ, ಒಂದಿಷ್ಟು ಬಂಗಡೆ, ಅಂಬಲಿಯಂತೆ ಜಾರುವ ಜೆಲ್ಲಿ ಮೀನು ಮತ್ತು ಯಾರದೋ ಒಂಟಿ ಚಪ್ಪಲಿ ಬಂದವು. ತಲೆಯ ಮೇಲೆ ಕಂದು ಬೆನ್ನಿನ, ಬಿಳಿ ತಲೆಯ ಗರುಡಗಳು ಸುತ್ತು ಹಾಕುತ್ತಿದ್ದವು. ಹುಡುಗ ಡಾಲ್ಫಿನ್ ಎಲ್ಲಿ ಎಂದು ಎಲ್ಲರನ್ನೂ ಕೇಳುತ್ತಿದ್ದ. ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಹಗ್ಗ ಬಿಡದೆಯೇ, "ನಮ್ಮ ಮೀನು ತಿನ್ನಲು ಬೆಳಿಗ್ಗೆ ಬರುತ್ತವೆ, ಆಗ ಬಾ" ಎಂದರು.

ಈ ತೀರಕ್ಕೆ ಟಾಗೋರರ ಹೆಸರು ಸುಮ್ಮನೆ ಬಂದದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯ, 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ರವೀಂದ್ರರು ಅಣ್ಣನ ಮನೆಗೆ ಬಂದಿದ್ದಾಗ ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಗುಡ್ಡದ ಕೋಟೆಯ ಬಳಿ ಇಳಿದು, ಹರಿವಿನೊಡನೆ ತೇಲಿ ಅಳಿವೆಗೆ ಮರಳಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾಳಿಯ ದೋಣಿ ವಿಹಾರಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಆದರೂ ಯಾವ ದೋಣಿಯವರೂ ಇದನ್ನು ಬಳಸಿಕೊಂಡಂತೆ ಕಾಣಲಿಲ್ಲ.

ಶನಿವಾರ

ಪ್ರವಾಸಿ ದೋಣಿಯವರ ಫಲಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್. ಅಣ್ಣನಿಗೆ ಈ ವಾಕ್ಯ ಬಹಳ ಹಿಡಿಸಿತು. ಬ್ಯಾಂಕಿನವನಲ್ಲವೇ, ಖಾತರಿ ಇದ್ದರೆ ಸಾಕು.

ಲೈಫ್ ಜಾಕೆಟ್ ಕಟ್ಟಿಕೊಳ್ಳದೆ ಹತ್ತಿಸುವುದಿಲ್ಲ ಎಂದು ದೋಣಿಯ ಹುಡುಗ ಪಟ್ಟು ಹಿಡಿದ. ಬೆವರಿನ ವಾಸನೆಯ ಆ ಕಿತ್ತಳೆ ಜಾಕೆಟನ್ನು ಕಂಡು ಕೆಲವರು ಮುಖ ಸಿಂಡರಿಸಿದರು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಇದೇ ಕಡಲಿನಲ್ಲಿ ಮಗುಚಿ, ಮಕ್ಕಳೂ ಸೇರಿ ಹಲವರು ನೀರುಪಾಲಾಗಿದ್ದರು. ನಮ್ಮ ಹಾವೇರಿ ಸೀಮೆಯವರೂ ಅದರಲ್ಲಿದ್ದರು. ಅತ್ತಿಗೆ ಮಾತಿಲ್ಲದೆ ಮಗನ ಜಾಕೆಟ್‌ನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದರು.

ಕೋಡಿಬಾಗದ ಕಡೆಯಿಂದ ಹೊರಟ ದೋಣಿ ದೇವಬಾಗದ ಗಾಳಿಮರದ ತೋಪನ್ನು ಬಲಕ್ಕೆ ಬಿಟ್ಟು ಅಳಿವೆಯ ಬಾಯಿಗೆ ಬಂತು. ನದಿಯ ಹಸಿರುಗಂದು ನೀರು ಒಂದು ಕಡೆ, ಕಡಲಿನ ನೀಲಿ ಇನ್ನೊಂದು ಕಡೆ, ನಡುವೆ ನೊರೆ ಮತ್ತು ಕಸಕಡ್ಡಿಯ ಗೆರೆ. ಆ ಗೆರೆಯೇ ಇಲ್ಲಿನ ಎಲ್ಲ ಜೀವಿಗಳ ಊಟದ ಎಲೆ. ನದಿ ತಂದ ಸಾರಕ್ಕೆ ಸಣ್ಣ ಮೀನು ಸೇರುತ್ತದೆ, ಸಣ್ಣದಕ್ಕೆ ದೊಡ್ಡದು, ದೊಡ್ಡದಕ್ಕೆ ಡಾಲ್ಫಿನ್, ಹದ್ದು ಮತ್ತು ಮನುಷ್ಯ. ಆದರೆ ನಮ್ಮ ದೋಣಿಯಲ್ಲಿ ಸ್ಪೀಕರ್ ಹಾಡುತ್ತಿದ್ದುದರಿಂದ ಇದನ್ನೆಲ್ಲ ಯಾರೂ ಯಾರಿಗೂ ಹೇಳುವ ಹಾಗಿರಲಿಲ್ಲ.

ಕೂರ್ಮಗಡದ ಸಮೀಪ ಯಾರೋ ಕೂಗಿದರು. ಬೂದುಬಣ್ಣದ ಬೆನ್ನೊಂದು ಮೇಲೆದ್ದು ಮುಳುಗಿತು. ಅಷ್ಟೇ. ನಮ್ಮ ದೋಣಿ ಅತ್ತ ನುಗ್ಗಿತು, ಇನ್ನೊಂದು ಕಡೆಯಿಂದ ಬೇರೆ ದೋಣಿಗಳೂ ನುಗ್ಗಿದವು. ಡೀಸೆಲ್ ಹೊಗೆಯ ನಡುವೆ ಎಲ್ಲರೂ ಮೊಬೈಲ್ ಎತ್ತಿ ನಿಂತರು. ಪ್ರಾಣಿ ಮತ್ತೆ ಎದ್ದದ್ದು ಬಹಳ ಹೊತ್ತಿನ ನಂತರ, ಬಹಳ ದೂರದಲ್ಲಿ, ನಮಗೆ ಬೆನ್ನು ಹಾಕಿ. ಮತ್ತೆ ಅಟ್ಟಿಸಿಕೊಂಡು ಹೋದೆವು. ದಡಕ್ಕೆ ಬಂದಾಗ ಒಬ್ಬರು, ತಮಗೆ ಕಂಡದ್ದು ಬೆನ್ನಷ್ಟೇ, ಡಾಲ್ಫಿನ್ ಪೂರ್ತಿ ಕಂಡಿಲ್ಲ, ಆದ್ದರಿಂದ ಅರ್ಧ ಹಣ ವಾಪಸ್ ಕೊಡಿ ಎಂದು ವಾದ ಹೂಡಿದರು.

ದೋಣಿಯವರನ್ನು ಬೈಯುವುದು ಸುಲಭ. ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಪ್ರವಾಸಿ ದೋಣಿಗೂ ಕೆಲಸವಿಲ್ಲ. ಇರುವ ಕೆಲವು ತಿಂಗಳಲ್ಲಿ ಸಾಲದ ಕಂತು ಹುಟ್ಟಬೇಕು. ನನ್ನ ತಕರಾರು ಆ ಫಲಕದ ಮೇಲೆ. ಕಾಡುಪ್ರಾಣಿಯನ್ನು ಖಾತರಿ ಕೊಟ್ಟು ಮಾರಿದ ಕೂಡಲೇ ಅದನ್ನು ಅಟ್ಟಿಸಿಕೊಂಡು ಹೋಗಲೇಬೇಕಾಗುತ್ತದೆ. ಆ ಖಾತರಿಯನ್ನು ಕೇಳುವವರು ನಾವೇ.

ಮಧ್ಯಾಹ್ನ ಇಸ್ವಾಣದ ತವಾ ಫ್ರೈ, ಸೋಲ್ ಕಡಿ. ಊಟದ ಬಗ್ಗೆ ತಕರಾರಿಲ್ಲ.

ಭಾನುವಾರ

ಅತ್ತಿಗೆ ಹಿಂದಿನ ಸಂಜೆಯೇ ಬಂದರಿನ ಕಡೆ ಹೋಗಿ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಮಾತಾಡಿ, ಸ್ವಂತ ದೋಣಿಯ ಮೀನುಗಾರರೊಬ್ಬರನ್ನು ಗೊತ್ತು ಮಾಡಿ ಬಂದಿದ್ದರು. ಐವತ್ತು ದಾಟಿದ ವ್ಯಕ್ತಿ, ಹಿಂದೆ ಸಣ್ಣ ಎಂಜಿನ್ ಕಟ್ಟಿದ ಫೈಬರ್ ದೋಣಿ, ಪರವಾನಗಿ ಪತ್ರ ಪ್ಲಾಸ್ಟಿಕ್ ಚೀಲದಲ್ಲಿ. ಬೆಳಕು ಹರಿಯುವ ಮೊದಲೇ ಹೊರಟೆವು. ಅವರ ಷರತ್ತು ಒಂದೇ: "ಕಂಡರೆ ಕಂಡಿತು. ಕಾಣದಿದ್ದರೆ ನನ್ನನ್ನು ಕೇಳಬೇಡಿ, ಅಕ್ಕಾ."

ದೇವಬಾಗದ ಮೂಲೆಯ ಆಚೆ, ಅಳಿವೆಯ ಬಾಯಿಗೆ ಸ್ವಲ್ಪ ಹೊರಗೆ ಅವರು ಎಂಜಿನ್ ಆರಿಸಿದರು. ಮೊದಲಿಗೆ ಅಸಹನೆ. ದೋಣಿ ತೂಗುತ್ತಿತ್ತು, ಅಣ್ಣ ಗಡಿಯಾರ ನೋಡುತ್ತಿದ್ದ, ಹುಡುಗ ಬಿಸ್ಕತ್ತು ಪೊಟ್ಟಣ ಬಿಚ್ಚಿದ. ಮುಂದಿನದು ಮೊದಲು ಕಿವಿಗೆ ಬಂತು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ, ಪುಸ್ಸೆಂಬ ಉಸಿರು. ತಿರುಗಿ ನೋಡಿದರೆ ನೀರಿನ ಮೇಲೆ ವೃತ್ತಗಳಷ್ಟೇ. ಮತ್ತೊಂದು ಉಸಿರು, ಈ ಸಲ ಎಡಕ್ಕೆ, ಹತ್ತಿರದಲ್ಲೇ. ಮೊದಲು ಉದ್ದನೆಯ ಮೂತಿ ಓರೆಯಾಗಿ ನೀರು ಸೀಳಿ ಮೇಲೆ ಬಂತು, ಹಿಂದೆಯೇ ಹಣೆ, ಆಮೇಲೆ ಬೆನ್ನಿನ ನಡುವೆ ದಿಬ್ಬ, ದಿಬ್ಬದ ಮೇಲೆ ಸಣ್ಣ ತ್ರಿಕೋನದ ರೆಕ್ಕೆ. ಬೆನ್ನು ಬಾಗುತ್ತಾ ಹೋಗಿ ಕೊನೆಗೆ ಬಾಲ ಒಮ್ಮೆ ಹೊರಗೆ ಕಂಡು ಇಳಿಯಿತು. ಎಲ್ಲವೂ ನಿಧಾನ. ಸಿನಿಮಾದ ಡಾಲ್ಫಿನ್‌ಗಳಂತೆ ಹಾರುವುದು, ಲಾಗ ಹಾಕುವುದು ಏನೂ ಇಲ್ಲ.

ಇವು ಗೂನುಬೆನ್ನಿನ ಡಾಲ್ಫಿನ್‌ಗಳು. ಪಶ್ಚಿಮ ಕರಾವಳಿಯುದ್ದಕ್ಕೂ ದಡಕ್ಕೆ ಅಂಟಿಕೊಂಡೇ, ಆಳ ಕಡಿಮೆ ಇರುವ ನೀರಿನಲ್ಲಿ, ಅದರಲ್ಲೂ ನದಿಗಳ ಬಾಯಲ್ಲಿ ಬದುಕುವ ಜಾತಿ. ಇದೇ ಅದರ ಕಷ್ಟಕ್ಕೂ ಕಾರಣ. ಬಂದರು, ಬಲೆ, ಊರಿನ ಕೊಳಚೆ, ಪ್ರವಾಸಿ ದೋಣಿ ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ. ಜಾಗತಿಕವಾಗಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಸಿಗುವ ಒಂದನೇ ಅನುಸೂಚಿಯ ರಕ್ಷಣೆಯೇ ಇದಕ್ಕೂ ಸಿಗುತ್ತದೆ. ಹೆಣ್ಣು ಒಂದು ಮರಿ ಹಾಕಿ ಮುಂದಿನದಕ್ಕೆ ವರ್ಷಗಟ್ಟಲೆ ಕಾಯುತ್ತದೆ. ಮೀನು ಹುಡುಕುವುದು, ಜೊತೆಯವರನ್ನು ಕರೆಯುವುದು ಎರಡನ್ನೂ ಅವು ಸದ್ದಿನಲ್ಲೇ ಮಾಡುತ್ತವೆ. ನಿನ್ನೆ ನಾವೆಲ್ಲ ಸೇರಿ ಆ ಸದ್ದಿನ ಮೇಲೆ ಎಂಜಿನ್ ಹಾಯಿಸಿದ್ದೆವು.

ಒಂದು ಡಾಲ್ಫಿನ್‌ನ ಪಕ್ಕಕ್ಕೆ ಅಂಟಿಕೊಂಡಂತೆ ಮರಿಯೊಂದಿತ್ತು. ತಾಯಿ ಎದ್ದ ಮರುಕ್ಷಣ ಅದೂ ಏಳುತ್ತಿತ್ತು, ತಲೆಯನ್ನು ಅಗತ್ಯಕ್ಕಿಂತ ಹೆಚ್ಚೇ ಹೊರಗೆ ಹಾಕಿ. ಉಳಿದವು ದಡದ ಕಡೆಗೆ ಸಾಲಾಗಿ ಹೋಗಿ ಮೀನಿನ ಗುಂಪನ್ನು ಮೇಲ್ನೀರಿಗೆ ತಳ್ಳಿದವು. ಮಡ್ಲೆ ಮೀನುಗಳು ನೀರಿನಿಂದ ಚಿಮ್ಮಿದವು. "ನೋಡಿ, ಇವು ಇದ್ದರೆ ಮೀನು ಇದೆ ಎಂದು ನಮಗೂ ಗೊತ್ತಾಗುತ್ತದೆ. ಆಮೇಲೆ ಬಲೆ ಹರಿದು ಹಾಕುವುದೂ ಇವೇ" ಎಂದರು ದೋಣಿಯವರು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಹುಡುಗ ಮೊಬೈಲ್ ಎತ್ತಿದ್ದ. ಒಂದೂ ಚಿತ್ರ ಸರಿ ಬರಲಿಲ್ಲ, ಎಲ್ಲದರಲ್ಲೂ ನೀರೇ.

ಬಿಸಿಲೇರಿದ ಮೇಲೆ ಕೂರ್ಮಗಡವನ್ನು ಸುತ್ತು ಹಾಕಿದೆವು. ದ್ವೀಪದ ಅಂಚಿನ ಎತ್ತರದ ಮರವೊಂದರಲ್ಲಿ ಹೊರೆ ಕಟ್ಟಿಗೆ ಪೇರಿಸಿದಂಥ ಗೂಡು, ಪಕ್ಕದ ಕೊಂಬೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ದೊಡ್ಡ ಹಕ್ಕಿ, ತಲೆ ಎದೆ ಅಚ್ಚ ಬಿಳಿ, ರೆಕ್ಕೆ ಬೂದಿ. ಮೀನಿನಷ್ಟೇ ಇಷ್ಟಪಟ್ಟು ಕಡಲ ಹಾವನ್ನೂ ತಿನ್ನುವ ಈ ಹದ್ದು ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಮನೆಯ ಮೇಲೆ ಮನೆ ಕಟ್ಟುವುದರಲ್ಲಿ ನಮ್ಮ ಓಣಿಯವರನ್ನು ಮೀರಿಸುವಂಥದ್ದು ಎಂದು ಅಣ್ಣ. ಇನ್ನೂ ಪಶ್ಚಿಮಕ್ಕೆ ದೇವಗಡದ ದೀಪಸ್ತಂಭ. ಬ್ರಿಟಿಷರು ಆ ಬಂಡೆದ್ವೀಪವನ್ನು ಆಯ್‌ಸ್ಟರ್ ರಾಕ್ ಎಂದು ಕರೆದರು. ಹತ್ತಿಯ ಹಡಗುಗಳಿಗೆ ದಾರಿ ತೋರಿಸಲು 1860ರ ದಶಕದಲ್ಲಿ ಕಟ್ಟಿದ ಸ್ತಂಭ, ಹತ್ತಿ ಹೋದ ಮೇಲೂ ಉರಿಯುತ್ತಿದೆ. ದಕ್ಷಿಣಕ್ಕೆ ಅಂಜುದೀವ ಮಸುಕಾಗಿ ಕಂಡಿತು. 1498ರಲ್ಲಿ ವಾಸ್ಕೊ ಡ ಗಾಮ ಮರಳಿ ಹೋಗುವ ಮುಂಚೆ ಹಡಗು ದುರಸ್ತಿಗೆ ನಿಂತ ದ್ವೀಪ ಅದು. ಈಗ ನೌಕಾಪಡೆಯ ಕದಂಬ ನೆಲೆಯ ವಲಯ. ಕ್ಯಾಮೆರಾವನ್ನು ಅತ್ತ ತಿರುಗಿಸಬೇಡಿ ಎಂದು ದೋಣಿಯವರು ನಾವು ಕೇಳುವ ಮೊದಲೇ ಹೇಳಿದರು.

ಸೋಮವಾರ

ಇಂದು ಕಡಲು ಬೇಡ, ನದಿ. ಸದಾಶಿವಗಡದ ಕೆಳಗಿನಿಂದ ಒಳಕ್ಕೆ ಹೊರಟಾಗ ಮೊದಲು ಸಿಕ್ಕಿದ್ದು ಸೇತುವೆ. 2024ರ ಆಗಸ್ಟ್ 7ರ ಬೆಳಗಿನ ಜಾವ ಇಲ್ಲಿನ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಲಾರಿ ನದಿಗೆ ಬಿದ್ದಿತ್ತು. ಚಾಲಕನನ್ನು ಆ ಕತ್ತಲೆಯಲ್ಲೇ ಮೇಲೆತ್ತಿ ಉಳಿಸಿದರು. ದೋಣಿಯವರು ಆ ಜಾಗ ದಾಟುವಾಗ ವೇಗ ತಗ್ಗಿಸಿದರು.

ಇಳಿತದ ಹೊತ್ತು. ನದಿಯ ನಡುವೆಯೇ ಮರಳಿನ ದಿಬ್ಬಗಳು ಎದ್ದಿದ್ದವು, ಹೆಂಗಸರು ಸೀರೆ ಎತ್ತಿ ಕಟ್ಟಿ, ಸೊಂಟದುದ್ದ ನೀರಿನಲ್ಲಿ ಬಾಗಿ ತಿಸ್ರಿ ಎಂಬ ಚಿಪ್ಪು ಆಯುತ್ತಿದ್ದರು. ಬುಟ್ಟಿಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ, ಅದು ಹಿಂದೆ ತೇಲುತ್ತಾ ಬರುತ್ತದೆ. ಕಾಲ್ಬೆರಳಿನಿಂದ ಮರಳು ಕೆದಕಿ, ತಾಗಿದ್ದು ಕಲ್ಲೋ ಚಿಪ್ಪೋ ಎಂದು ಬೆರಳಲ್ಲೇ ತಿಳಿದು, ಮುಳುಗಿ ಎತ್ತಿ ಹಿಂದಕ್ಕೆ ಹಾಕುತ್ತಾರೆ. ಅತ್ತಿಗೆ ದೋಣಿ ನಿಲ್ಲಿಸಿಸಿ ಒಬ್ಬಾಕೆಯ ಜೊತೆ ದರ ಮಾತಾಡಿದರು. ತಿಸ್ರಿ ಈ ವರ್ಷ ಹೇಗೆ ಎಂದರೆ, "ಡ್ಯಾಮಿನ ನೀರು ಬಿಟ್ಟಂತೆ ಇರುತ್ತದೆ, ಬಾಯಿ" ಎಂದರು ಆಕೆ. ಮಾತು ಸರಿಯಾದದ್ದು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ವಿದ್ಯುತ್ತಿಗಾಗಿ ಕಟ್ಟಿದ ಸಾಲು ಅಣೆಕಟ್ಟುಗಳು. ಕದ್ರಾದಿಂದ ಎಷ್ಟು ಸಿಹಿನೀರು ಇಳಿಯುತ್ತದೆ ಎಂಬುದರ ಮೇಲೆ ಅಳಿವೆಯ ಉಪ್ಪು, ಉಪ್ಪಿನ ಮೇಲೆ ಚಿಪ್ಪು. ಬೆಂಗಳೂರಿನಲ್ಲಿ ಫ್ಯಾನ್ ತಿರುಗಿಸುವವರಿಗೆ ಈ ಬುಟ್ಟಿ ಕಾಣುವುದಿಲ್ಲ.

ಕಾಳಿಮಾತಾ ದ್ವೀಪದ ಪುಟ್ಟ ಗುಡಿಗೆ ಇಳಿದು ಕೈಮುಗಿದು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕವಲಿಗೆ ದೋಣಿ ತಿರುಗಿಸಿದೆವು. ಅರಣ್ಯ ಇಲಾಖೆಯ ಮರದ ಕಾಲುದಾರಿಯಲ್ಲೂ ಆಮೇಲೆ ನಡೆದೆವು, ಆದರೆ ದೋಣಿಯಿಂದ ಕಾಂಡ್ಲಾ ಕಾಣುವ ರೀತಿಯೇ ಬೇರೆ: ಕಣ್ಣಿನ ಮಟ್ಟಕ್ಕೆ ಬೇರುಗಳು. ಒಂದು ಜಾತಿ ಬಿಲ್ಲಿನಂತೆ ಬಾಗಿದ ಬೇರುಗಳ ಮೇಲೆ ನಿಂತಿದೆ. ಅದರ ಬೀಜ ಮರದಲ್ಲೇ ಮೊಳೆತು ಗೇಣುದ್ದದ ಹಸಿರು ಕಡ್ಡಿಯಾಗಿ ತೂಗುತ್ತದೆ, ಬಲಿತಾಗ ಕಳಚಿ ಕೆಸರಿಗೆ ನೆಟ್ಟಗೆ ಚುಚ್ಚಿಕೊಳ್ಳುತ್ತದೆ. ಇನ್ನೊಂದು ಜಾತಿ ಕೆಸರಿನಿಂದ ಪೆನ್ಸಿಲ್‌ನಂಥ ಉಸಿರುಬೇರುಗಳನ್ನು ಮೇಲಕ್ಕೆ ಕಳಿಸಿದೆ. ಅದರ ಎಲೆಯನ್ನು ನೆಕ್ಕಿ ನೋಡು ಎಂದು ದೋಣಿಯವರು ಹುಡುಗನಿಗೆ ಹೇಳಿದರು. ನೆಕ್ಕಿದ. "ಅತ್ತೆ, ಉಪ್ಪು!" ಬೇರು ಹೀರಿದ ಉಪ್ಪನ್ನು ಆ ಗಿಡ ಎಲೆಯಿಂದ ಹೊರಹಾಕುತ್ತದೆ. ನಾನೂ ನೆಕ್ಕಿದೆ. ಅಣ್ಣ ಮಾತ್ರ ಪರ್ಸಿನಿಂದ ಸ್ಯಾನಿಟೈಸರ್ ತೆಗೆದ.

ಕೆಸರಿನ ಮೇಲೆ ನೆಗೆಯುವ ಮೀನುಗಳಿದ್ದವು. ನೀರಿನ ಹೊರಗೆ ರೆಕ್ಕೆಗಳನ್ನು ಊರಿ ತೆವಳಿ, ಪರಸ್ಪರ ಬಾಯಿ ತೆರೆದು ಜಗಳವಾಡುತ್ತಿದ್ದವು. ಒಂದೇ ಚಿಮಟ ದೊಡ್ಡದಾಗಿರುವ ಗಂಡು ಏಡಿಗಳು ಅದನ್ನು ಮೇಲೆ ಕೆಳಗೆ ಆಡಿಸುತ್ತಿದ್ದವು. ಕಪ್ಪುತಲೆಯ ಮಿಂಚುಳ್ಳಿಯೊಂದು ಬಾಗಿದ ಬೇರಿನಿಂದ ಬೇರಿಗೆ ನಮಗಿಂತ ಸ್ವಲ್ಪ ಮುಂದೆ ಮುಂದೆ ಹಾರುತ್ತಾ, ನಾವು ತನ್ನನ್ನೇ ಹಿಂಬಾಲಿಸುತ್ತಿದ್ದೇವೆ ಎಂದು ಸಿಟ್ಟಾದ ಹಾಗೆ ಕೂಗುತ್ತಿತ್ತು. ನೀರುನಾಯಿ ಕಾಣಬಹುದೆಂದು ಕಾದೆವು. ಕಲ್ಲೊಂದರ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ತುಂಬಿದ ಅದರ ಲದ್ದಿ ಸಿಕ್ಕಿತು, ತಾಜಾ ಆಗಿಯೇ ಇತ್ತು. ಪ್ರಾಣಿ ಬರಲಿಲ್ಲ. ಹುಡುಗ ಅದನ್ನು ಮೂಸಿ ನೋಡಿ, ಕಂಡಷ್ಟೇ ಲೆಕ್ಕ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ರಾತ್ರಿ ಪರಿಚಯದವರ ಅಡುಗೆಮನೆಯಲ್ಲಿ ಅತ್ತಿಗೆ ತಿಸ್ರಿ ಸುಕ್ಕ ಮಾಡಿದರು. ಚಿಪ್ಪನ್ನು ಈಳಿಗೆಮಣೆಯ ಮೇಲೆ ಬಿಡಿಸುವ ಆ ವೇಗ ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಎಲ್ಲಿತ್ತೋ.

ಮಂಗಳವಾರ

ಕೊನೆಯ ಬೆಳಿಗ್ಗೆ ಮಾಜಾಳಿ, ಅಲ್ಲಿಂದ ಗುಡ್ಡ ಹತ್ತಿ ಇಳಿದು ತೀಳಮಾತಿ. ಎಳ್ಳು ಚೆಲ್ಲಿದಂತೆ ಕಪ್ಪು ಮರಳಿನ ಪುಟ್ಟ ತೀರ. ಕೈಯಲ್ಲಿ ಹಿಡಿದರೆ ಕಾಳುಕಾಳಾಗಿ ಜಾರುತ್ತದೆ. ಕಷ್ಟಪಟ್ಟು ಹೋದದ್ದಕ್ಕೆ ಮೋಸವಿಲ್ಲ, ಆದರೆ ಬಾಟಲಿಗಳನ್ನು ಅಲ್ಲಿಯವರೆಗೆ ಹೊತ್ತು ತಂದವರು ಖಾಲಿಯಾದ ಮೇಲೆ ಹೊತ್ತೊಯ್ಯಲಾರದಷ್ಟು ಸುಸ್ತಾಗಿದ್ದರೆಂದು ಕಾಣುತ್ತದೆ.

ಮರಳುವಾಗ ತೀರದ ಮೇಲೆ ಬಲೆಯ ಬೇಲಿ ಕಟ್ಟಿದ ಚೌಕವೊಂದು ಕಂಡಿತು. ಚಳಿಗಾಲದಲ್ಲಿ ಈ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಯ ಗೂಡು ಅದು. ನಾಯಿ, ನರಿಯಿಂದ ಕಾಪಾಡಲು ಅರಣ್ಯ ಇಲಾಖೆಯವರು ಹೀಗೆ ಬೇಲಿ ಹಾಕುತ್ತಾರೆ. ಮೀನುಗಾರರೇ ಮೊದಲು ಸುದ್ದಿ ಮುಟ್ಟಿಸುತ್ತಾರೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಹೆಚ್ಚು ಬಿಸಿಯಾದರೆ ಹೆಣ್ಣು. ಅಲ್ಲಿದ್ದ ಕಾವಲುಗಾರ ಬೇಲಿಗೆ ಕಟ್ಟಿದ ಚೀಟಿ ತೋರಿಸಿದ. ಮೊಟ್ಟೆಯಿಟ್ಟ ದಿನಾಂಕ ಮಾತ್ರ ಇತ್ತು.

"ಮರಿ ಯಾವಾಗ ಬರುತ್ತದೆ?" ಎಂದು ಹುಡುಗ ಕೇಳಿದ.

"ಮಾರ್ಚ್ ಮಧ್ಯದಲ್ಲಿ ಇರಬಹುದು. ರಾತ್ರಿಯೋ ನಸುಕಿನಲ್ಲೋ ಬರುತ್ತವೆ."

"ಖಂಡಿತವಾಗಿಯಾ?"

"ಅದು ಆಮೆಗೆ ಗೊತ್ತು, ತಮ್ಮಾ."

ಮಾರ್ಚ್ ಮಧ್ಯವೆಂದರೆ ವಾರ್ಷಿಕ ಪರೀಕ್ಷೆ. ಅತ್ತಿಗೆ ಆಗುವುದೇ ಇಲ್ಲ ಎಂದರು. ಹುಡುಗ ಅಂಕೋಲಾದ ಅಜ್ಜಿಗೆ ಬಸ್ ನಿಲ್ದಾಣದಿಂದಲೇ ಫೋನು ಹಚ್ಚಿ, ಮಾರ್ಚ್‌ನಲ್ಲಿ ಅಲ್ಲಿ ಯಾರಾದರೂ ಮದುವೆಯಾಗುವವರು ಇದ್ದಾರೆಯೇ ಎಂದು ವಿಚಾರಿಸತೊಡಗಿದ.